ಗೋಧಿ ಆಗದ ಮಗಳಿಗೆ ಪ್ರವಾಹದ ಹೊತ್ತಿಗೆ ಏನು ಕಟ್ಟಿಡಬೇಕು

ಪ್ರವಾಹದ ಕಾಳಜಿ ಕೇಂದ್ರದಾಗ ಬರೇ ಅನ್ನ ಸಾಂಬಾರ್ ಉಂಡ್ರೂ ಸೀಲಿಯಾಕ್ (ಗೋಧಿಯಾಗಿನ ಗ್ಲುಟೆನ್ ಆಗದ ಕಾಯಿಲೆ) ಇರೋ ನಿಮ್ಮ ಮಗಳಿಗೆ ಹೊಟ್ಟಿ ಯಾಕ ಕೆಟ್ಟಿತು ಅಂತ ಕೇಳೀರಿ, ಅದು ಬಹುಶಃ ಹಿಂಗಿನಿಂದ, ಅಂಗಡಿ ಡಬ್ಬಿ ಹಿಂಗಿನಾಗ ಭಾಳ ಸಲ ಗೋಧಿ ಇಲ್ಲಾ ಮೈದಾ ಹಿಟ್ಟು ಬೆರೆಸಿರ್ತಾರ. ಉಪ್ಪಿಟ್ಟಿನ ಸೌಟೇ ಅನ್ನಕ್ಕೂ ಹಾಕಿದ್ದರೂ ಹಂಗ ಆಗತೈತಿ, ಎರಡರಾಗ ಯಾವುದು ಅಂತ ಇಲ್ಲಿಂದ ಹೇಳಾಕ ಬರಲ್ಲ.

ಮೊದಲು ಖಡಕ್ ರೊಟ್ಟಿ ಮಾಡಿಡ್ರಿ. ಜೋಳ ಮನ್ಯಾಗ ಆರಿಸಿ ಒಂದೂ ಗೋಧಿ ಕಾಳು ಇಲ್ದಂಗ ನೋಡ್ರಿ, ಆಮೇಲೆ ಗಿರಣಿ, ಇದೇ ಮುಖ್ಯ, ಗೋಧಿ ಬೀಸಿದ ಕಲ್ಲಿಗೆ ಹಾಕಿಸಿದ್ರ ಮಾಡಿದ್ದೆಲ್ಲಾ ದಂಡ, ಜೋಳಕ್ಕ ಬ್ಯಾರೆ ಕಲ್ಲಿರೋ ಗಿರಣಿನೇ ಹುಡುಕ್ರಿ. ರೊಟ್ಟಿ ತೆಳ್ಳಗ ಬಡಿದು ಒಣಗಿಸಿ ಮುರಿದು ನೋಡ್ರಿ, ಪಟ್ ಅನ್ನಬೇಕು, ಬಾಗಿದ್ರ ಇನ್ನೂ ಹಸಿ ಐತಿ, ಬೂಸ್ಟು ಬರತೈತಿ. ಬಿಗಿ ಮುಚ್ಚಳದ ಡಬ್ಬಿಯಾಗ ಒಂದು ವಾರಕ್ಕ ಆಗೋವಷ್ಟು ಇಡ್ರಿ.

ಜೊತಿಗೆ ಶೇಂಗಾ ಹಿಂಡಿ, ಪುಟಾಣಿ, ಬೆಲ್ಲ, ಅವಲಕ್ಕಿ, ಆದ್ರ ಮೈದಾ ರವಾ ಚೀಲದ ಪಕ್ಕ ತೆರೆದಿಟ್ಟಿದ್ದು ತರಬ್ಯಾಡ್ರಿ. ಹಾಲಿನ ಪುಡಿ ಆಕಿಗೆ ಆಗತೈತೋ ಇಲ್ಲೋ ಡಾಕ್ಟರನ್ನ ಕೇಳ್ರಿ, ಸೀಲಿಯಾಕ್ ಇದ್ದ ಕೆಲವರಿಗೆ ಹಾಲೂ ತಡಿಯಲ್ಲ. ಕುಡಿಯೋ ನೀರು, ಓಆರ್‌ಎಸ್, ಆಕಿದೇ ತಾಟು, ಚಮಚ ಡಬ್ಬಿ ಜೊತಿಗೇ ಇರಲಿ.

ಕೃಷ್ಣಾ ನದಿಯ ನಾರಾಯಣಪುರ ಡ್ಯಾಮಿನಿಂದ ನೀರು ಬಿಡ್ತಾರಂತ ಸುದ್ದಿ ಬಂದ ಕೂಡಲೇ ಡಬ್ಬಿ ಮ್ಯಾಲ ಎತ್ತಿಡ್ರಿ, ಸೇತುವೆ ಮುಳುಗೋ ತನಕ ಕಾಯಬ್ಯಾಡ್ರಿ. ಮುಚ್ಚಳದ ಮ್ಯಾಲ "ಈ ಮಗೂಗೆ ಗೋಧಿ, ರವಾ, ಮೈದಾ, ಹಿಂಗು ಕೊಡಬ್ಯಾಡ್ರಿ" ಅಂತ ದೊಡ್ಡದಾಗಿ ಬರೆದು ಅಂಟಿಸ್ರಿ, ಅಡಿಗಿಯವರಿಗೆ ಅದನ್ನೇ ತೋರಿಸಾಕ ಬರತೈತಿ.