ಕ್ಲೌಡ್‌ನಲ್ಲಿ ಡೇಟಾ: ಕೀ ಯಾರ ಕೈಲಿದೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಚಿಕ್ಕ ಡಯಾಗ್ನೋಸ್ಟಿಕ್ ಲ್ಯಾಬ್ ಇದೆ. ರಕ್ತಪರೀಕ್ಷೆ, ಸ್ಕ್ಯಾನ್ ರಿಪೋರ್ಟ್‌ಗಳ ಪಿಡಿಎಫ್ ಎಲ್ಲವೂ ಕ್ಲೌಡ್‌ಗೆ ಹೋಗುತ್ತವೆ. '256 ಬಿಟ್ ಎನ್‌ಕ್ರಿಪ್ಷನ್ ಇದೆ, ಚಿಂತೆ ಬೇಡ' ಅಂತ ಸಾಫ್ಟ್‌ವೇರ್ ಹಾಕಿಕೊಟ್ಟವರು ಹೇಳುತ್ತಾರೆ. ಅಷ್ಟು ಸಾಕಾ ಸರ್?

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಕೇಳಬೇಕಾದ್ದು ಎಷ್ಟು ಬಿಟ್ ಅಂತಲ್ಲ, ಕೀ ಯಾರ ಹತ್ತಿರ ಇದೆ ಅಂತ. ಈಗ ದೊಡ್ಡ ಕ್ಲೌಡ್ ಕಂಪನಿಗಳು ಡಿಸ್ಕ್‌ಗೆ ಬರೆಯುವಾಗಲೇ ಎಇಎಸ್-256 ಎಂಬ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡುತ್ತವೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಕಲಸಿಡುತ್ತವೆ. ಫೈಲಿಗೊಂದು ಡೇಟಾ ಕೀ, ಆ ಡೇಟಾ ಕೀಯನ್ನು ಮುಚ್ಚಿಡಲು ಮೇಲೊಂದು ಮಾಸ್ಟರ್ ಕೀ. ಮಾಸ್ಟರ್ ಕೀ ಇರುವುದು ಸಾಮಾನ್ಯವಾಗಿ ಅದೇ ಕಂಪನಿಯ ಕೀ ಸೇವೆಯಲ್ಲಿ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲೇ ಇಟ್ಟ ಹಾಗೆ.

ಡೇಟಾ ಸೆಂಟರಿನಿಂದ ಡಿಸ್ಕನ್ನೇ ಕದ್ದೊಯ್ದರೆ ಈ ಏರ್ಪಾಡು ಕಾಪಾಡುತ್ತದೆ. ನಿಮ್ಮ ಲ್ಯಾಬಿನ ಲಾಗಿನ್ ಕದ್ದವನು ಡಿಸ್ಕ್ ಮುಟ್ಟುವುದೇ ಇಲ್ಲ. ನಿಮ್ಮ ಹಾಗೇ ಲಾಗಿನ್ ಆಗುತ್ತಾನೆ, ಕ್ಲೌಡ್ ತಾನೇ ಡಿಕ್ರಿಪ್ಟ್ ಮಾಡಿ ಫೈಲ್ ಕೈಗಿಡುತ್ತದೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ನಡೆದದ್ದು ಇಂಥದ್ದೇ. ಸರಿಯಾಗಿ ಹೊಂದಿಸದ ಫೈರ್‌ವಾಲ್ ಮೂಲಕ ಒಳಹೊಕ್ಕವರು ಸರ್ವರಿನ ಒಳವಿಳಾಸ 169.254.169.254ರಿಂದ ತಾತ್ಕಾಲಿಕ ಅನುಮತಿ ಪತ್ರ ಪಡೆದು 10 ಕೋಟಿಗೂ ಹೆಚ್ಚು ಜನರ ಮಾಹಿತಿ ಎತ್ತಿಕೊಂಡರು. ಡೇಟಾ ಎನ್‌ಕ್ರಿಪ್ಟ್ ಆಗಿಯೇ ಇತ್ತು. ಆ ಅನುಮತಿಯಲ್ಲಿ ಡಿಕ್ರಿಪ್ಟ್ ಮಾಡುವ ಹಕ್ಕೂ ಸೇರಿತ್ತು, ಅಷ್ಟೆ.

ಹಳೆಯ ರಿಪೋರ್ಟ್‌ಗಳ ಮಟ್ಟಿಗೆ ಪರಿಹಾರ ಸುಲಭ: ನಿಮ್ಮ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಮಾಡಿ ಆಮೇಲೆ ಕಳಿಸಿ. ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶದಲ್ಲಿ ಕ್ರಿಪ್ಟ್ ಎಂಬ ಸೌಲಭ್ಯವಿದೆ. ಮೊದಲು ಕ್ಲೌಡ್ ಖಾತೆಗೊಂದು ರಿಮೋಟ್ (ಸಂಪರ್ಕದ ಸೆಟ್ಟಿಂಗ್) ಮಾಡಿಕೊಳ್ಳಿ, ಅದರ ಮೇಲೆ ಕ್ರಿಪ್ಟ್ ರಿಮೋಟ್ ಕೂರಿಸಿ. ಫೈಲಿನ ಹೆಸರು, ಫೋಲ್ಡರಿನ ಹೆಸರು ಎರಡನ್ನೂ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನೇ ಆರಿಸಿ. ಲ್ಯಾಬ್‌ಗಳಲ್ಲಿ ಫೈಲಿಗೆ ರೋಗಿಯ ಹೆಸರು, ಮೊಬೈಲ್ ನಂಬರ್, ಪರೀಕ್ಷೆಯ ಹೆಸರು ಸೇರಿಸಿಯೇ ಹೆಸರಿಡುವ ರೂಢಿ. ಒಳಗಿನ ಪಿಡಿಎಫ್ ತೆರೆಯದೆಯೇ ಯಾರಿಗೆ ಎಚ್‌ಐವಿ ಪರೀಕ್ಷೆ ಆಯಿತೆಂದು ಪಟ್ಟಿ ನೋಡಿದರೇ ಗೊತ್ತಾಗುತ್ತದೆ. ಎನ್‌ಕ್ರಿಪ್ಟ್ ಆದ ಹೆಸರು ಉದ್ದವಾಗುತ್ತದೆ, ಹಾಗಾಗಿ ಮೂಲ ಹೆಸರು 140 ಅಕ್ಷರ ದಾಟದಂತೆ ನೋಡಿಕೊಳ್ಳಿ. ಹೆಸರನ್ನು ಕನ್ನಡದಲ್ಲಿ ಬರೆಯುವುದಾದರೆ 45ರೊಳಗೇ ನಿಲ್ಲಿಸಿ, ಒಂದೊಂದು ಕನ್ನಡ ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು.

ಅಲ್ಲಿ ಎರಡು ಗುಪ್ತಪದ ಕೇಳುತ್ತದೆ: ಪಾಸ್‌ವರ್ಡ್ ಮತ್ತು ಅದಕ್ಕೆ ಬೆರೆಸುವ ಸಾಲ್ಟ್ ಎಂಬ ಎರಡನೇ ಪದ. ಎರಡನ್ನೂ ಕಾಗದದ ಮೇಲೆ ಬರೆದು ಎರಡು ಪ್ರತಿ ಮಾಡಿ, ಒಂದು ಬ್ಯಾಂಕ್ ಲಾಕರಿಗೆ ಹೋಗಲಿ. ಇವು ಕಳೆದರೆ ಡೇಟಾವೂ ಹೋದಂತೆ, ಯಾವ ಕಸ್ಟಮರ್ ಕೇರೂ ತೆಗೆದುಕೊಡಲಾರದು. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆರ್‌ಕ್ಲೋನ್ ತನ್ನ ಸೆಟ್ಟಿಂಗ್ ಫೈಲಿನಲ್ಲಿ ಈ ಗುಪ್ತಪದಗಳನ್ನು ಕಣ್ಣಿಗೆ ಕಾಣದಂತೆ ತಿರುಚಿ ಇಡುತ್ತದೆಯೇ ಹೊರತು ಎನ್‌ಕ್ರಿಪ್ಟ್ ಮಾಡುವುದಿಲ್ಲ. ಆ ಫೈಲ್ ಸಿಕ್ಕವರಿಗೆ ಗುಪ್ತಪದವೂ ಸಿಕ್ಕಂತೆ. ಆದ್ದರಿಂದ ಸೆಟ್ಟಿಂಗ್ ಫೈಲಿಗೇ ಪ್ರತ್ಯೇಕ ಪಾಸ್‌ವರ್ಡ್ ಹಾಕಿ. ನಂತರ ಇಪ್ಪತ್ತು ಫೈಲ್ ಏರಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಬರೀ ಆ ಕಾಗದ ನೋಡಿಕೊಂಡು ಇಳಿಸಿ ತೆರೆದು ನೋಡಿ. ಈ ಪರೀಕ್ಷೆ ಪಾಸಾಗದೆ ಮೂಲ ಫೈಲ್ ಅಳಿಸಬೇಡಿ.

ಇಷ್ಟಾದರೂ ಫೈಲ್ ಎಷ್ಟು ದೊಡ್ಡದು, ಯಾವಾಗ ಏರಿತು, ದಿನಕ್ಕೆ ಎಷ್ಟು ಎಂಬುದು ಕ್ಲೌಡ್‌ಗೆ ಕಾಣುತ್ತದೆ. ನಿಮ್ಮ ವ್ಯವಹಾರಕ್ಕೆ ಅದು ತೊಂದರೆಯಲ್ಲ. ರೋಗಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸುವ ಹೊಸ ರಿಪೋರ್ಟ್‌ಗಳಿಗೆ ಮಾತ್ರ ಈ ಉಪಾಯ ಹೊಂದದು, ಅವರ ಬಳಿ ಕೀ ಇರುವುದಿಲ್ಲ. ಅವನ್ನು ಬೇರೆ ಫೋಲ್ಡರಿನಲ್ಲಿಡಿ, ಲಿಂಕ್‌ಗೆ ಕಾಲಮಿತಿ ಹಾಕಿ, ತಿಂಗಳಾದ ಮೇಲೆ ಹಳೆಯ ಕಡತಕ್ಕೆ ಸಾಗಿಸಿ. ಇನ್ನೊಂದು ಮಾತು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆ ಕಂಪನಿಗೆ ವಹಿಸಿದರೂ ಹೊಣೆ ನಿಮ್ಮದೇ. ಸೂಕ್ತ ಭದ್ರತೆ ಇಡದಿದ್ದರೆ ದಂಡ ₹250 ಕೋಟಿವರೆಗೆ ಹೋಗಬಹುದು.

ಪ್ರಶ್ನೆ: ಮಂಡ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜಿಲ್ಲೆಯ ರೋಗಿಗಳ ದತ್ತಾಂಶದಿಂದ ಹೆಸರು ತೆಗೆದಿದ್ದೇನೆ, ಮೊಬೈಲ್ ನಂಬರನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡಿದ್ದೇನೆ. ಇದನ್ನು ಕ್ಲೌಡ್‌ನಲ್ಲಿ ಬೇರೆ ಸಂಶೋಧಕರಿಗೆ ತೆರೆದಿಡಬಹುದೇ?

ಉತ್ತರ: ಬೇಡ. ಮೊದಲು ಹ್ಯಾಶ್ ವಿಷಯ. ಹ್ಯಾಶ್ ಎಂದರೆ ನಂಬರನ್ನು ನೇರವಾಗಿ ಹಿಂತಿರುಗಿಸಲಾಗದ ಸಂಕೇತವಾಗಿಸುವ ಲೆಕ್ಕ, ಒಂದೇ ನಂಬರಿಗೆ ಯಾವಾಗಲೂ ಒಂದೇ ಹ್ಯಾಶ್. ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9. ಒಟ್ಟು ಸಾಧ್ಯತೆ 400 ಕೋಟಿ. ಗೇಮ್ ಆಡುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಲೆಕ್ಕ ಹಾಕುತ್ತದೆ. ಅಂದರೆ ಎಲ್ಲ ನಂಬರಿಗೂ ಹ್ಯಾಶ್ ಮಾಡಿ ತಾಳೆ ಹಾಕಿದರೆ ನಿಮ್ಮ ಇಡೀ ಪಟ್ಟಿ ಕಾಫಿ ಆರುವ ಮುಂಚೆ ಮತ್ತೆ ಮೊಬೈಲ್ ನಂಬರಾಗಿರುತ್ತದೆ. ಒಬ್ಬರ ದಾಖಲೆಗಳನ್ನು ಜೋಡಿಸಲು ಗುರುತು ಬೇಕೇ ಬೇಕು ಎಂದಾದರೆ ಗುಪ್ತ ಕೀ ಸೇರಿಸಿ ಮಾಡುವ ಎಚ್‌ಮ್ಯಾಕ್ ಬಳಸಿ. ಆ ಕೀ ಆಸ್ಪತ್ರೆಯಲ್ಲೇ ಇರಲಿ, ಡೇಟಾದ ಜೊತೆ ಕ್ಲೌಡ್‌ಗೆ ಹೋಗದಿರಲಿ.

ಅದಕ್ಕಿಂತ ಕಷ್ಟದ್ದು ಉಳಿದ ಕಾಲಂಗಳು. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡು ಎರಡನ್ನೂ ತಾಳೆ ಹಾಕಿದರು. ರಾಜ್ಯಪಾಲ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ಅವರ ಅಂಚೆ ವಲಯದಲ್ಲಿ ಒಬ್ಬರೇ. ರಾಜ್ಯಪಾಲರ ಚಿಕಿತ್ಸೆಯ ದಾಖಲೆ ಹೊರಬಿತ್ತು.

ನಮ್ಮ ಹಳ್ಳಿಗಳಲ್ಲಿ ಇಷ್ಟು ಶ್ರಮವೂ ಬೇಕಿಲ್ಲ. ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಊರು, 1962ರಲ್ಲಿ ಹುಟ್ಟಿದ ಹೆಂಗಸು, ವಾರಕ್ಕೆರಡು ಸಲ ಡಯಾಲಿಸಿಸ್ ಎಂದರೆ ಊರವರಿಗೆ ಹೆಸರೇ ಬೇಡ. ಜನ್ಮದಿನದ ವಿಷಯದಲ್ಲಿ ನಮ್ಮದೊಂದು ವಿಚಿತ್ರವೂ ಇದೆ. ಹಿರಿಯರಲ್ಲಿ ಎಷ್ಟೋ ಮಂದಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1ನೇ ತಾರೀಖೇ ಹುಟ್ಟಿದ ದಿನ. ಅವರು ಗುಂಪಿನಲ್ಲಿ ಮರೆಯಾಗುತ್ತಾರೆ. ಆಸ್ಪತ್ರೆಯಲ್ಲಿ ಹುಟ್ಟಿ ಸರಿಯಾದ ತಾರೀಖು ಬರೆಸಿದವರೇ ಎದ್ದು ಕಾಣುತ್ತಾರೆ.

ಹುಟ್ಟಿದ ದಿನವನ್ನು ಹತ್ತು ವರ್ಷದ ವಯೋಗುಂಪಿಗೆ ಇಳಿಸಿ, ಪಿನ್‌ಕೋಡ್ ಬದಲು ತಾಲ್ಲೂಕು ಬರೆಯಿರಿ. ವಯಸ್ಸು, ಲಿಂಗ, ತಾಲ್ಲೂಕು ಸೇರಿದ ಪ್ರತಿ ಗುಂಪಿನಲ್ಲೂ ಕನಿಷ್ಠ ಹತ್ತು ಜನ ಇರುವಂತೆ ಮಾಡಿ, ಅದಕ್ಕಿಂತ ಚಿಕ್ಕ ಗುಂಪನ್ನು ಕೈಬಿಡಿ. ಇದೇ ಕೆ-ಅನಾಮಿಕತೆ. ಇದರಲ್ಲೂ ತೂತು ಇದೆ. ಆ ಹತ್ತೂ ಜನರಿಗೆ ಒಂದೇ ಕಾಯಿಲೆ ಇದ್ದರೆ ಯಾರು ಯಾರೆಂದು ತಿಳಿಯದಿದ್ದರೂ ಕಾಯಿಲೆ ತಿಳಿದುಹೋಗುತ್ತದೆ.

ಸಾಲುಸಾಲು ದಾಖಲೆ ಕೊಡುವ ಬದಲು ಎಣಿಕೆಗಳನ್ನಷ್ಟೇ ಕೊಡಲು ಸಾಧ್ಯವಾದರೆ ಡಿಫರೆನ್ಷಿಯಲ್ ಪ್ರೈವಸಿ ಬಳಸುವುದು ಮೇಲು. ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟ ವಿಧಾನ ಇದು, ಅಮೆರಿಕದ 2020ರ ಜನಗಣತಿಯ ಅಂಕಿಅಂಶಗಳಿಗೂ ಬಳಕೆಯಾಯಿತು. ಉತ್ತರಕ್ಕೆ ಅಳೆದು ತೂಗಿದ ಯಾದೃಚ್ಛಿಕ ಗದ್ದಲ, ಅಂದರೆ ಸಣ್ಣ ಹೆಚ್ಚುಕಡಿಮೆ, ಸೇರಿಸುತ್ತೀರಿ. ಒಬ್ಬ ರೋಗಿ ಸೇರಿದರೆ ಅಥವಾ ಬಿಟ್ಟರೆ ಎಣಿಕೆ ಬದಲಾಗುವುದು 1 ಮಾತ್ರ. ಎಪ್ಸಿಲಾನ್ ಎಂದರೆ ಎಷ್ಟು ಗುಟ್ಟು ಸೋರಬಹುದು ಎಂಬುದರ ಅಳತೆ, ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಅದನ್ನು 0.5 ಇಟ್ಟುಕೊಂಡರೆ ಲಾಪ್ಲಾಸ್ ಎಂಬ ಬಗೆಯ ಗದ್ದಲದ ಪ್ರಮಾಣ 1 ಭಾಗಿಸು 0.5, ಅಂದರೆ 2. ನೂರಕ್ಕೆ ತೊಂಬತ್ತೈದು ಸಲ ತಪ್ಪು ಆರರೊಳಗೇ ಇರುತ್ತದೆ. ತಾಲ್ಲೂಕಿನ ಎಣಿಕೆ 400 ಇದ್ದರೆ ಅದು 394ರಿಂದ 406ರೊಳಗೆ ಬರುತ್ತದೆ, ಯಾರಿಗೂ ನಷ್ಟವಿಲ್ಲ. ಹಳ್ಳಿಯ ಎಣಿಕೆ 4 ಇದ್ದರೆ ಉತ್ತರ ಕೆಲಸಕ್ಕೆ ಬಾರದು. ಬಾರದಿರಬೇಕಾದ್ದೂ ಹೌದು. ಮರೆಯಬಾರದ ಅಂಶ, ಒಂದೇ ಪ್ರಶ್ನೆಗೆ ಪ್ರತಿ ಸಲ ಹೊಸ ಗದ್ದಲ ಹಾಕಿ ಉತ್ತರಿಸಿದರೆ ಕೇಳುವವರು ಸರಾಸರಿ ತೆಗೆದು ನಿಜ ಹುಡುಕುತ್ತಾರೆ. 0.5ರ ಇಪ್ಪತ್ತು ಪ್ರಶ್ನೆ ಎಂದರೆ ಒಟ್ಟು ಎಪ್ಸಿಲಾನ್ 10 ಖರ್ಚು, ಅಲ್ಲಿಗೆ ರಕ್ಷಣೆ ಹೆಸರಿಗಷ್ಟೇ. ಒಮ್ಮೆ ಕೊಟ್ಟ ಉತ್ತರವನ್ನು ಉಳಿಸಿಟ್ಟು ಮುಂದೆಯೂ ಅದನ್ನೇ ಕೊಡಿ.

ಪ್ರಶ್ನೆ: ಎನ್‌ಕ್ರಿಪ್ಟ್ ಆದ ಡೇಟಾದ ಮೇಲೆ ಬಿಚ್ಚದೆಯೇ ಲೆಕ್ಕ ಮಾಡಬಹುದಂತೆ. ಮೈಸೂರಿನಲ್ಲಿ ಬಿಇ ಕೊನೆಯ ವರ್ಷದಲ್ಲಿದ್ದೇನೆ, ಪ್ರಾಜೆಕ್ಟ್‌ಗೆ ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ತೆಗೆದುಕೊಳ್ಳಬಹುದಾ?

ಉತ್ತರ: ತೆಗೆದುಕೊಳ್ಳಿ, ಆದರೆ ವಿಷಯವನ್ನು ಚಿಕ್ಕದಾಗಿ ಕತ್ತರಿಸಿ. 1978ರಿಂದ ಪ್ರಶ್ನೆಯಾಗಿಯೇ ಉಳಿದಿದ್ದ ಇದನ್ನು 2009ರಲ್ಲಿ ಕ್ರೇಗ್ ಜೆಂಟ್ರಿ ಬಿಡಿಸಿದರು. ಈ ಸೈಫರ್‌ಟೆಕ್ಸ್ಟ್‌ಗಳ (ಎನ್‌ಕ್ರಿಪ್ಟ್ ಆದ ಡೇಟಾದ) ಒಳಗೆ ಸ್ವಲ್ಪ ಗದ್ದಲ ಇರುತ್ತದೆ, ಕೂಡಿದಾಗ ಅದು ಮೆಲ್ಲಗೆ, ಗುಣಿಸಿದಾಗ ಜೋರಾಗಿ ಏರುತ್ತದೆ. ಮಿತಿ ದಾಟಿದರೆ ಡಿಕ್ರಿಪ್ಟ್ ಮಾಡಿದಾಗ ಕಸ ಸಿಗುತ್ತದೆ. ಗದ್ದಲ ಇಳಿಸುವ ಬೂಟ್‌ಸ್ಟ್ರಾಪಿಂಗ್ ದುಬಾರಿ ಕೆಲಸ, ವಿದ್ಯಾರ್ಥಿ ಪ್ರಾಜೆಕ್ಟ್‌ನಲ್ಲಿ ಅದನ್ನು ಮುಟ್ಟದಿರುವುದೇ ಜಾಣತನ.

ಮೈಕ್ರೋಸಾಫ್ಟ್ ಸೀಲ್ ಲೈಬ್ರರಿಯಲ್ಲಿ ದಶಮಾಂಶ ಸಂಖ್ಯೆಗಳ ಮೇಲೆ ಅಂದಾಜು ಲೆಕ್ಕ ಮಾಡುವ ಸಿಕೆಕೆಎಸ್ ಪದ್ಧತಿ ತೆಗೆದುಕೊಳ್ಳಿ. ಬಹುಪದದ ಗಾತ್ರ 8192 ಇಟ್ಟರೆ 128 ಬಿಟ್ ಭದ್ರತೆಗೆ ಗುಣಾಂಕದ ಮಿತಿ 218 ಬಿಟ್. ಅದರೊಳಗೆ 60, 40, 40, 60 ಬಿಟ್‌ಗಳ ನಾಲ್ಕು ಅವಿಭಾಜ್ಯ ಸಂಖ್ಯೆ ಹಾಕಿದರೆ ಸರಣಿಯಾಗಿ ಎರಡೇ ಗುಣಾಕಾರಕ್ಕೆ ಜಾಗ. ಒಂದು ಸೈಫರ್‌ಟೆಕ್ಸ್ಟ್ ಸುಮಾರು 384 ಕೆಬಿ ಆಗುತ್ತದೆ, ಅದರಲ್ಲಿ 4096 ಸಂಖ್ಯೆ ಹಿಡಿಸುತ್ತದೆ. ಹೊಸಬರು ಮಾಡುವ ಅನಾಹುತ ಎಂದರೆ ಪ್ರತಿ ಸಂಖ್ಯೆಗೂ ಒಂದೊಂದು ಸೈಫರ್‌ಟೆಕ್ಸ್ಟ್ ಮಾಡುವುದು. 8 ಬೈಟ್ ಇದ್ದದ್ದು 384 ಕೆಬಿ ಆಗಿ, 'ಈ ವಿಧಾನ ಬಳಸಲು ಯೋಗ್ಯವಲ್ಲ' ಎಂದು ರಿಪೋರ್ಟ್ ಬರೆದು ಮುಗಿಸುತ್ತಾರೆ. ತುಂಬಿಸಿ ಕಳಿಸಿದರೆ ಸಂಖ್ಯೆಗೆ 96 ಬೈಟ್ ಅಷ್ಟೇ. ಒಳಗಿನ 4096 ಸಂಖ್ಯೆಗಳ ಮೊತ್ತ ಬೇಕಿದ್ದರೆ ಸಾಲನ್ನು 12 ಸಲ ತಿರುಗಿಸಿ ಪ್ರತಿ ಸಲ ತನಗೇ ಕೂಡಿದರೆ ಸಾಕು.

ಕೂಡುವುದು, ಗುಣಿಸುವುದು ಮಾತ್ರ ಸಲೀಸು. ಯಾವುದು ದೊಡ್ಡದು ಎಂದು ಹೋಲಿಸುವ, ಪಟ್ಟಿ ವಿಂಗಡಿಸುವ ಕೆಲಸ ಆರಿಸಬೇಡಿ. ರೇಖೀಯ ಮಾದರಿಯ ಅಂಕ, ಅಂದರೆ ಪ್ರತಿ ಅಂಕಿಯನ್ನೂ ಒಂದು ತೂಕದಿಂದ ಗುಣಿಸಿ ಕೂಡಿದ ಮೊತ್ತ, ಲೆಕ್ಕ ಹಾಕುವುದು ಒಳ್ಳೆಯ ಪ್ರಾಜೆಕ್ಟ್: ತೂಕಗಳು ಸರ್ವರಿನಲ್ಲಿ ತೆರೆದೇ ಇರಲಿ, ರೋಗಿಯ ಅಂಕಿಗಳು ಮುಚ್ಚಿ ಬರಲಿ. ವರದಿಯಲ್ಲಿ ಎರಡು ಮಿತಿಗಳನ್ನು ಬರೆಯದಿದ್ದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಸರ್ವರ್ ಬೇಕೆಂದೇ ತಪ್ಪು ಲೆಕ್ಕ ಮಾಡಿದರೆ ಈ ವಿಧಾನ ಹಿಡಿದುಕೊಡದು. ಸಿಕೆಕೆಎಸ್‌ನಲ್ಲಿ ಡಿಕ್ರಿಪ್ಟ್ ಮಾಡಿದ ಉತ್ತರವನ್ನು ಹಾಗೇ ಸರ್ವರಿಗೆ ತೋರಿಸಿದರೆ ಅದರಿಂದ ಗುಪ್ತ ಕೀಯನ್ನೇ ಹೊರತೆಗೆಯಬಹುದು ಎಂದು ಲಿ ಮತ್ತು ಮಿಚಿಯಾಂಚೊ 2021ರಲ್ಲಿ ತೋರಿಸಿದ್ದಾರೆ.

ಪ್ರಶ್ನೆ: ಮಂಡ್ಯ ಸುತ್ತಲಿನ ಹಾಲು ಸಂಘಗಳಿಗೆ ಲೆಕ್ಕದ ತಂತ್ರಾಂಶ ಕೊಡುತ್ತೇವೆ. ರಾಫ್ಟ್ ಬಳಸಿ ಮೂರು ಸರ್ವರಿನಲ್ಲಿ ಪ್ರತಿ ಇದೆ. ಒಂದು ಹ್ಯಾಕ್ ಆದರೂ ಉಳಿದೆರಡು ಕಾಪಾಡುತ್ತವೆ ತಾನೇ?

ಉತ್ತರ: ಇಲ್ಲ. ಸರ್ವರ್‌ಗಳ ಪ್ರತಿಗಳನ್ನು ಒಂದೇ ಆಗಿರಿಸುವ ರಾಫ್ಟ್ ಪ್ರೋಟೋಕಾಲ್ ತಾಳಿಕೊಳ್ಳುವುದು ಸರ್ವರ್ ನಿಂತುಹೋಗುವುದನ್ನು: ಮೂರರಲ್ಲಿ ಒಂದು, ಐದರಲ್ಲಿ ಎರಡು. ನಿಲ್ಲದೆ ಸುಳ್ಳು ಹೇಳುವ ಸರ್ವರನ್ನು ಅದು ನಂಬಿಬಿಡುತ್ತದೆ, ಮುಖ್ಯವಾಗಿ ಹ್ಯಾಕ್ ಆದದ್ದೇ ಉಳಿದವಕ್ಕೆ ಆದೇಶ ಕೊಡುವ ಲೀಡರ್ ಆಗಿದ್ದರೆ. ಒಬ್ಬ ಸುಳ್ಳುಗಾರನನ್ನು ತಾಳಿಕೊಳ್ಳಲು ನಾಲ್ಕು ಸರ್ವರ್ ಬೇಕೆಂದು ಕಂಪ್ಯೂಟರ್ ವಿಜ್ಞಾನಿ ಲ್ಯಾಂಪೋರ್ಟ್ ಮತ್ತು ಸಂಗಡಿಗರ ಕೆಲಸ 1980ರ ದಶಕದಲ್ಲೇ ತೋರಿಸಿದೆ, ಅದಕ್ಕೆ ಬೇರೆಯೇ ಪ್ರೋಟೋಕಾಲ್. ನಾಲ್ಕಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟರೆ ಆ ಲೆಕ್ಕವೂ ವ್ಯರ್ಥ. ಗುಟ್ಟಿನ ಮಟ್ಟಿಗಂತೂ ಪ್ರತಿ ಹೆಚ್ಚಾದಷ್ಟೂ ಸೋರುವ ಜಾಗ ಹೆಚ್ಚು. ಒಂದರಲ್ಲಿ ಅಳಿಸಿದ್ದು ಮೂರರಲ್ಲೂ ಅಳಿಯುವುದರಿಂದ ಇದು ಬ್ಯಾಕಪ್ ಕೂಡ ಅಲ್ಲ. ನಿಮ್ಮ ಅಳತೆಗೆ ನಾಲ್ಕನೇ ಸರ್ವರಿಗಿಂತ, ಬೇರೆ ಖಾತೆಯಲ್ಲಿ, 30 ದಿನ ಯಾರೂ ಅಳಿಸಲಾಗದಂತೆ ಬೀಗ ಹಾಕಿದ ದಿನವಹಿ ಬ್ಯಾಕಪ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯಲ್ಲಿದ್ದೇನೆ. ನಮ್ಮ ಹುಡುಗನೊಬ್ಬ ಅಮೆಜಾನ್ ಕ್ಲೌಡ್‌ನ ಆ್ಯಕ್ಸೆಸ್ ಕೀಯನ್ನು ಗಿಟ್‌ಹಬ್‌ಗೆ ಹಾಕಿಬಿಟ್ಟ. ತಕ್ಷಣ ಅಳಿಸಿದ್ದೇವೆ. ಇನ್ನೇನಾದರೂ ಮಾಡಬೇಕಾ?

ಉತ್ತರ: ಫೈಲ್ ಅಳಿಸಿದರೂ, ಕೋಡ್‌ನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಗಿಟ್‌ನ ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ. ಇಂಥ ಕೀಗಳಿಗಾಗಿಯೇ ಗಿಟ್‌ಹಬ್ ಜಾಲಾಡುವ ಬಾಟ್‌ಗಳಿಗೆ ಕೆಲವು ನಿಮಿಷ ಸಾಕು. ಕೀ ಕಳ್ಳರ ಕೈ ಸೇರಿದೆ ಎಂದೇ ತಿಳಿದು ಮುಂದುವರಿಯಿರಿ.

ಮೊದಲು ಆ ಕೀಯನ್ನು ನಿಷ್ಕ್ರಿಯ ಮಾಡಿ, ಅಳಿಸುವುದು ಆಮೇಲೆ. ಅದರಿಂದ ಮುಂಚೆಯೇ ಪಡೆದ ತಾತ್ಕಾಲಿಕ ಟೋಕನ್‌ಗಳು ಅವಧಿ ಮುಗಿಯುವವರೆಗೂ ನಡೆಯಬಹುದು, ಹಾಗಾಗಿ ಆ ಬಳಕೆದಾರನ ಮೇಲೆ ಎಲ್ಲವನ್ನೂ ನಿರಾಕರಿಸುವ ಪಾಲಿಸಿಯನ್ನೂ ಹಾಕಿ. ಹೊಸ ಬಳಕೆದಾರರು, ಹೊಸ ಕೀಗಳು ಹುಟ್ಟಿಕೊಂಡಿವೆಯೇ ನೋಡಿ. ಮುಂಬೈ ರೀಜನ್ (ಕ್ಲೌಡ್‌ನ ಸರ್ವರ್‌ಗಳಿರುವ ಪ್ರದೇಶ) ಒಂದನ್ನೇ ನೋಡಿ ಸುಮ್ಮನಾಗಬೇಡಿ. ಕ್ರಿಪ್ಟೊ ಗಣಿಗಾರಿಕೆ ಮಾಡುವವರು ನೀವು ಎಂದೂ ತೆರೆಯದ ರೀಜನ್‌ನಲ್ಲಿ ಯಂತ್ರ ಚಾಲೂ ಮಾಡುತ್ತಾರೆ, ನಿಮಗೆ ತಿಳಿಯುವುದು ತಿಂಗಳ ಬಿಲ್ ಬಂದಾಗ.

ಯಾರಾದರೂ ಒಳಬಂದ ಗುರುತು ಕಂಡರೆ, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. 2022ರ ಏಪ್ರಿಲ್‌ನ ನಿರ್ದೇಶನದಂತೆ ಇದು ಕಡ್ಡಾಯ, ಲಾಗ್‌ಗಳನ್ನು 180 ದಿನ ಇಡುವುದೂ ಕಡ್ಡಾಯ. ತೊಡಕು ಬರುವುದು ಇಲ್ಲೇ. ಅಮೆಜಾನ್‌ನ ಚಟುವಟಿಕೆ ದಾಖಲಿಸುವ ಸೇವೆ ಕ್ಲೌಡ್‌ಟ್ರೈಲ್‌ನಲ್ಲಿ ತಾನಾಗಿ ಕಾಣುವ ಇತಿಹಾಸ 90 ದಿನದ್ದು, ಅದರಲ್ಲೂ ಆಡಳಿತದ ಕ್ರಿಯೆಗಳು ಮಾತ್ರ. ಫೈಲ್ ಇಡುವ ಎಸ್3 ಸೇವೆಯ ಬಕೆಟ್‌ನಿಂದ (ಫೋಲ್ಡರಿನಂಥ ಜಾಗ) ಯಾವ ಫೈಲನ್ನು ಯಾರು ಇಳಿಸಿಕೊಂಡರು ಎಂಬುದು ಡೇಟಾ ಈವೆಂಟ್ ದಾಖಲೆಯನ್ನು ಮೊದಲೇ ಆನ್ ಮಾಡಿದ್ದರೆ ಮಾತ್ರ ಅಲ್ಲಿ ಸಿಗುತ್ತದೆ. ಎಸ್3ಯ ಪ್ರತ್ಯೇಕ ಆ್ಯಕ್ಸೆಸ್ ಲಾಗ್ ಕೂಡ ಯಾರೂ ಆನ್ ಮಾಡಿರದಿದ್ದರೆ, ಏನು ಹೋಯಿತು ಎಂದು ಹೇಳಲು ನಿಮ್ಮ ಬಳಿ ಆಧಾರವಿಲ್ಲ. ಆಗ ಆ ಕೀಗೆ ಓದಲು ಅನುಮತಿ ಇದ್ದ ಬಕೆಟ್‌ಗಳೆಲ್ಲವೂ ಸೋರಿವೆ ಎಂದೇ ವರದಿಯಲ್ಲಿ ಬರೆಯಬೇಕಾಗುತ್ತದೆ.