ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಅಯಾನು ಮೂಲಗಳು

ಪ್ರಶ್ನೆ: ಜಿನೀವಾ ಬಳಿಯ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಕಣ ವೇಗವರ್ಧಕಕ್ಕೆ ಬೇಕಾದ ಪ್ರೋಟಾನುಗಳು ಒಂದು ಸಣ್ಣ ಹೈಡ್ರೋಜನ್ ಸಿಲಿಂಡರಿನಿಂದ ಬರುತ್ತವೆ ಎಂದು ಓದಿದೆ. ಅನಿಲದಲ್ಲಿ ವಿದ್ಯುತ್ ಹಾಯಿಸಿದರೆ ಅಯಾನುಗಳು ಸಿಗುವುದಾದರೆ, ಅಯಾನು ಮೂಲದ ವಿನ್ಯಾಸ ಅಷ್ಟು ಕಷ್ಟವೇಕೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಓದಿದ್ದು ಸರಿ. ಅಯಾನುಗಳನ್ನು, ಅಂದರೆ ಎಲೆಕ್ಟ್ರಾನು ಕಳೆದುಕೊಂಡು ಇಲ್ಲವೇ ಪಡೆದು ವಿದ್ಯುದಾವೇಶ ಹೊಂದಿದ ಪರಮಾಣುಗಳನ್ನು, ಹುಟ್ಟಿಸುವುದು ಸುಲಭ. ಅಂಗಡಿಯ ನಿಯಾನ್ ಫಲಕದೊಳಗೂ ಅವು ಹುಟ್ಟುತ್ತಲೇ ಇರುತ್ತವೆ. ಅವುಗಳನ್ನು ಪ್ಲಾಸ್ಮಾದಿಂದ (ಅಯಾನುಗಳೂ ಬಿಡಿ ಎಲೆಕ್ಟ್ರಾನುಗಳೂ ಬೆರೆತ ಅನಿಲದಿಂದ) ಹೊರಸೆಳೆದು ಚದುರದ ಕಿರಣಪುಂಜವಾಗಿಸುವುದೇ ಕಷ್ಟ. ಪ್ಲಾಸ್ಮಾ ತುಂಬಿದ ಕೋಣೆಯ ರಂಧ್ರದೆದುರು ಒಂದು ವಿದ್ಯುದ್ವಾರವನ್ನಿಟ್ಟು, ಎರಡರ ನಡುವೆ ಹತ್ತಾರು ಸಾವಿರ ವೋಲ್ಟ್ ಕೊಡಲಾಗುತ್ತದೆ. ರಂಧ್ರದ ಬಾಯಲ್ಲಿ ಪ್ಲಾಸ್ಮಾದ ಮೇಲ್ಮೈ ತಾನೇ ಮಸೂರದಂತೆ ವರ್ತಿಸುವುದರಿಂದ, ಸಾಂದ್ರತೆ ಹೆಚ್ಚಾದರೆ ಅದು ಹೊರಕ್ಕೆ ಉಬ್ಬಿ ಪುಂಜ ಹರಡಿಕೊಳ್ಳುತ್ತದೆ. ವೋಲ್ಟೇಜನ್ನು ಇಮ್ಮಡಿಸಿದರೆ ಸೆಳೆಯಬಹುದಾದ ಗರಿಷ್ಠ ಪ್ರವಾಹ ಸುಮಾರು 2.8 ಪಟ್ಟಾಗುತ್ತದೆ, ಅಂತರವನ್ನು ಅರ್ಧಕ್ಕಿಳಿಸಿದರೆ ನಾಲ್ಕು ಪಟ್ಟು; ಆದರೆ ಎರಡೂ ದಾರಿಗಳ ಕೊನೆಯಲ್ಲಿ ಕಿಡಿ ಹಾರುವ ಅಪಾಯ ಕಾದಿರುತ್ತದೆ. ಇಲ್ಲಿ ಕೆಟ್ಟ ಪುಂಜವನ್ನು ಮುಂದಿನ ಕಾಂತಗಳು ಬಾಗಿಸಬಲ್ಲವೇ ಹೊರತು, ಅದರ ಅಗಲವನ್ನೂ ಹರಡುವಿಕೆಯನ್ನೂ ಒಟ್ಟಿಗೆ ಕುಗ್ಗಿಸಲಾರವು.

1978ರಿಂದ 2018ರವರೆಗೆ ಸರ್ನ್‌ಗೆ ಪ್ರೋಟಾನು ಒದಗಿಸಿದ ಲಿನ್ಯಾಕ್-2 ಎಂಬ ನೇರಸಾಲಿನ ವೇಗವರ್ಧಕದ ಜಾಗಕ್ಕೆ ಈಗ ಲಿನ್ಯಾಕ್-4 ಬಂದಿದೆ. ಇದರ ಮೂಲ ಕೊಡುವುದು ಪ್ರೋಟಾನನ್ನಲ್ಲ, ಎರಡು ಎಲೆಕ್ಟ್ರಾನುಗಳಿರುವ ಹೈಡ್ರೋಜನ್ನಿನ ಋಣ ಅಯಾನನ್ನು. ಮುಂದಿನ ಉಂಗುರಾಕಾರದ ವೇಗವರ್ಧಕದ ಪ್ರವೇಶದಲ್ಲಿ ತೆಳುವಾದ ಇಂಗಾಲದ ಹಾಳೆ ಆ ಎರಡನ್ನೂ ಕಳಚುವುದರಿಂದ, ಈಗಾಗಲೇ ಸುತ್ತುತ್ತಿರುವ ಪ್ರೋಟಾನುಗಳ ಮೇಲೆಯೇ ಹೊಸವನ್ನು ಪೇರಿಸಬಹುದು. ಆದರೆ ಎರಡನೆಯ ಎಲೆಕ್ಟ್ರಾನನ್ನು ಹಿಡಿದಿರುವ ಶಕ್ತಿ ಕೇವಲ 0.75 ಎಲೆಕ್ಟ್ರಾನ್‌ವೋಲ್ಟ್, ಸಾಮಾನ್ಯ ಹೈಡ್ರೋಜನ್ನಿನಲ್ಲಿ ಅದು 13.6. ಬಿಸಿ ಪ್ಲಾಸ್ಮಾದಲ್ಲಿ ಇಂಥ ಅಯಾನು ಉಳಿಯುವುದೇ ದುಸ್ತರ. 1970ರ ದಶಕದ ಆರಂಭದಲ್ಲಿ ನೊವೊಸಿಬಿರ್ಸ್ಕ್‌ನ ವಿಜ್ಞಾನಿಗಳು ಸೀಸಿಯಂ ಲೇಪದಿಂದ ಇದನ್ನು ಬಹುಮಟ್ಟಿಗೆ ಬಗೆಹರಿಸಿದರು: ಸೀಸಿಯಂ ಸವರಿದ ಲೋಹ ತನ್ನ ಎಲೆಕ್ಟ್ರಾನುಗಳನ್ನು ತಾಗಿದ ಹೈಡ್ರೋಜನ್ನಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಅದೇ ಸೀಸಿಯಂ ಹೆಚ್ಚಾಗಿ ವಿದ್ಯುದ್ವಾರಗಳ ಮೇಲೆ ಕುಳಿತರೆ ಕಿಡಿ ಹಾರುತ್ತದೆ. ಇದು ಸಾಲದೆಂಬಂತೆ, ಋಣಾವೇಶವೇ ಇರುವ ಬಿಡಿ ಎಲೆಕ್ಟ್ರಾನುಗಳೂ ಜೊತೆಯಲ್ಲೇ ಹೊರಬರುವುದರಿಂದ, ಅವನ್ನು ಕಾಂತದಿಂದ ಬಾಗಿಸಿ ಬೇರ್ಪಡಿಸಬೇಕು. ನನ್ನ ದೃಷ್ಟಿಯಲ್ಲಿ ವಿನ್ಯಾಸಕಾರನ ನಿಜವಾದ ಪರೀಕ್ಷೆ ಇಲ್ಲಿದೆ.

ಪ್ರಶ್ನೆ: ಸೀಸದಂತಹ ಘನಲೋಹದಿಂದ ಅಯಾನು ಪಡೆಯುವುದು ಹೇಗೆ?
– ನಿವೃತ್ತ ಅಧ್ಯಾಪಕರು, ಶಿವಮೊಗ್ಗ

ಉತ್ತರ: ಪುಟ್ಟ ಕುಲುಮೆಯಲ್ಲಿ ಸೀಸವನ್ನು ಆವಿಯಾಗಿಸಿ ಪ್ಲಾಸ್ಮಾಕ್ಕೆ ಬಿಡುತ್ತಾರೆ. ಸರ್ನ್‌ನಲ್ಲಿ ಆ ಪ್ಲಾಸ್ಮಾವನ್ನು 14.5 ಗಿಗಾಹರ್ಟ್ಸ್ ಮೈಕ್ರೋವೇವ್ ಕಾಯಿಸುತ್ತದೆ, ಸುಮಾರು 0.52 ಟೆಸ್ಲಾ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಸುತ್ತುವ ಆವೃತ್ತಿಯೂ ಅಷ್ಟೇ ಆದ್ದರಿಂದ ಅವು ಶಕ್ತಿಯನ್ನು ಹೀರುತ್ತಾ ಹೋಗಿ, ಪ್ರತಿ ಸೀಸದ ಪರಮಾಣುವಿನಿಂದ ಹತ್ತಾರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕೆಡವುತ್ತವೆ. ಹೆಚ್ಚು ಹೊತ್ತು ಹಿಡಿದಿಟ್ಟಷ್ಟೂ ಆವೇಶ ಹೆಚ್ಚುತ್ತದೆ, ಆದರೆ ಹಿಡಿದಿಟ್ಟದ್ದು ಹೊರಬರುವುದಿಲ್ಲ. ಇದಕ್ಕೊಂದು ಸೊಗಸಾದ ಉಪಾಯವಿದೆ: ಮೈಕ್ರೋವೇವನ್ನು ಥಟ್ಟನೆ ನಿಲ್ಲಿಸಿದರೆ ಹಿಡಿತ ಸಡಿಲಗೊಂಡು ಅಯಾನುಗಳು ಒಮ್ಮೆಲೇ ಹೊರನುಗ್ಗುತ್ತವೆ.

ಪ್ರಶ್ನೆ: ಭಾರತದಲ್ಲಿ ಇಂಥವು ಇವೆಯೇ?
– ಓದುಗರು, ಹಾಸನ

ಉತ್ತರ: ಇವೆ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್ ಯಂತ್ರಕ್ಕೆ ಬೇಕಾಗುವುದು ಋಣ ಅಯಾನುಗಳು. ಅಲ್ಲಿ ಸೀಸಿಯಂ ಅಯಾನುಗಳಿಂದ ಘನ ಗುರಿಯನ್ನು ಬಡಿದು ಅವನ್ನು ಪಡೆಯುತ್ತಾರೆ. ಆರ್ಗಾನ್‌ನಂತಹ ಜಡ ಅನಿಲಗಳು ಸ್ಥಿರವಾದ ಋಣ ಅಯಾನುಗಳಾಗುವುದಿಲ್ಲವಾದ್ದರಿಂದ, ಅವುಗಳ ಪುಂಜ ಬೇಕೆಂದರೆ ಮೈಕ್ರೋವೇವ್ ಬಗೆಯ ಮೂಲವನ್ನೇ ಆಶ್ರಯಿಸಬೇಕು.