ಸ್ಮಾರ್ಟ್ ಮೀಟರ್ ಬಂತು, ಇನ್ನು ಕಂಪನಿ ಬದಲಾಯಿಸಬಹುದೇ?

ಓದುಗರ ಪ್ರಶ್ನೆ: ಮನೆ ಮತ್ತು ವಿದ್ಯುತ್

ಪ್ರಶ್ನೆ (ಕುಮಟಾ): ಹೊಸ ಮನೆಗೆ ಹೆಸ್ಕಾಂನವರು ಸ್ಮಾರ್ಟ್ ಮೀಟರ್ ಕೂಡ್ರಿಸಿದ್ದಾರೆ. ಮುಂಬೈಯಲ್ಲಿರುವ ಅಣ್ಣ ಅಲ್ಲಿ ಒಂದು ಕಂಪನಿ ಬಿಟ್ಟು ಇನ್ನೊಂದರಿಂದ ಕರೆಂಟು ತೆಗೆದುಕೊಳ್ಳುತ್ತಿದ್ದಾನೆ. ನಮಗೂ ಆಗುತ್ತದೆಯೇ? ಕಾಳಿ ನದಿಯ ಕರೆಂಟು, ಕೈಗಾದ ಕರೆಂಟು ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತದಲ್ಲ, ಅವರಿಂದಲೇ ಕೊಳ್ಳಲು ಬರುವುದಿಲ್ಲವೇ?

ಮನೆಯ ಸಂಪರ್ಕಕ್ಕೆ ಈಗ ಆ ದಾರಿ ಇಲ್ಲ. ಮೀಟರ್ ಯಾವ ಬಗೆಯದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದು ಪ್ರದೇಶದಲ್ಲಿ ವಿತರಣೆಯ ಪರವಾನಗಿ ಯಾರಿಗಿದೆಯೋ ಅವರೇ ಅಲ್ಲಿ ಮಾರಬೇಕು. ಉತ್ತರ ಕನ್ನಡದಲ್ಲಿ ಅದು ಹೆಸ್ಕಾಂ. ಮುಂಬೈಯ ಉಪನಗರಗಳಲ್ಲಿ ಒಂದೇ ಪ್ರದೇಶಕ್ಕೆ ಟಾಟಾ ಪವರ್ ಮತ್ತು ಅದಾನಿ ಎರಡಕ್ಕೂ ಪರವಾನಗಿ ಇರುವುದರಿಂದ ಅಲ್ಲಿಯ ಮನೆಗಳಿಗೆ ಆಯ್ಕೆ ಸಿಕ್ಕಿದೆ. ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್ ಆಗಲಿ, ಕದ್ರಾ, ಕೊಡಸಳ್ಳಿ, ನಾಗಝರಿಯ ಜಲವಿದ್ಯುತ್ ಆಗಲಿ ಹೈ ಟೆನ್ಷನ್ ಗ್ರಿಡ್ಡಿಗೆ ಸೇರುತ್ತದೆ. ಅಲ್ಲಿಂದ ಇದು ಕಾಳಿಯದು, ಇದು ರಾಯಚೂರಿನದು ಎಂದು ಬೇರೆ ಮಾಡಿ ಮನೆಗೆ ತರಲು ಬರುವುದಿಲ್ಲ. ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳಿಗೆ ದಾರಿ ತೆರೆಯುವ ತಿದ್ದುಪಡಿ ಮಸೂದೆಯನ್ನು 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು. ಸ್ಥಾಯಿ ಸಮಿತಿಗೆ ಹೋದ ಅದು ಕಾನೂನಾಗಲಿಲ್ಲ. ಆದ್ದರಿಂದ "ಸ್ಮಾರ್ಟ್ ಮೀಟರ್ ಇದ್ದರೆ ಅಗ್ಗದ ಕಂಪನಿಗೆ ಬದಲಾಯಿಸಿಕೊಡುತ್ತೇವೆ" ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಆಧಾರ್ ನಂಬರನ್ನಾಗಲಿ, ಒಟಿಪಿಯನ್ನಾಗಲಿ ಹೇಳಬೇಡಿ.

ಪ್ರಶ್ನೆ (ಸಿದ್ದಾಪುರ): ಮಗಳು, ಅಳಿಯ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಸ್ಮಾರ್ಟ್ ಮೀಟರ್ ಹಾಕಿಸಿದ ಮೇಲೆ ಕಂಪನಿ ಬದಲಾಯಿಸಿದರೆ ಮೀಟರ್ ಕೆಲಸ ಮಾಡುವುದಿಲ್ಲ ಎಂದು ಅಲ್ಲಿ ಯಾರೋ ಹೇಳಿದ್ದಾರಂತೆ. ನಿಜವೇ?

ಅರ್ಧ ನಿಜ. ಅಲ್ಲಿ ಮೊದಲ ಪೀಳಿಗೆಯ ಮೀಟರುಗಳು (ಸ್ಮೆಟ್ಸ್-1) ಅಳವಡಿಸಿದ ಕಂಪನಿಯ ಜಾಲದೊಂದಿಗೆ ಮಾತ್ರ ಮಾತಾಡುತ್ತಿದ್ದವು. ಕಂಪನಿ ಬದಲಾದರೆ ರೀಡಿಂಗ್ ತಾನಾಗಿ ಹೋಗುವುದು ನಿಲ್ಲುತ್ತಿತ್ತು. ಆಗಲೂ ಯೂನಿಟ್ ಲೆಕ್ಕದಲ್ಲಿ ತಪ್ಪು ಬರುತ್ತಿರಲಿಲ್ಲ, ರೀಡಿಂಗನ್ನು ನಾವೇ ನೋಡಿ ಕಳಿಸಬೇಕಾಗುತ್ತಿತ್ತು ಅಷ್ಟೇ. ಎರಡನೇ ಪೀಳಿಗೆಯವು (ಸ್ಮೆಟ್ಸ್-2) ಡಿಸಿಸಿ ಎಂಬ ರಾಷ್ಟ್ರೀಯ ಜಾಲದಲ್ಲಿರುವುದರಿಂದ ಯಾವ ಕಂಪನಿಗೆ ಹೋದರೂ ಸ್ಮಾರ್ಟ್ ಆಗಿಯೇ ಉಳಿಯುತ್ತವೆ. ಹಳೆಯ ಸ್ಮೆಟ್ಸ್-1 ಮೀಟರುಗಳನ್ನೂ ದೂರದಿಂದಲೇ ಆ ಜಾಲಕ್ಕೆ ಸೇರಿಸುತ್ತಾ ಬಂದಿದ್ದಾರೆ. "ಈ ವಿಳಾಸದ ಮೀಟರ್ ನಿಮ್ಮಲ್ಲಿ ಸ್ಮಾರ್ಟ್ ಆಗಿ ನಡೆಯುತ್ತದೆಯೇ" ಎಂದು ಹೊಸ ಕಂಪನಿಯನ್ನು ಮೊದಲೇ ಕೇಳಿಕೊಂಡರೆ ಸಾಕು.

ಕ್ರಮ ಹೀಗೆ. ಪಿನ್‌ಕೋಡ್, ಈಗಿನ ದರ, ವರ್ಷಕ್ಕೆ ಬಳಸುವ ಯೂನಿಟ್, ಇಷ್ಟು ಕೈಯಲ್ಲಿರಲಿ. ಬಿಲ್ಲಿನಲ್ಲಿ ಆ ಮನೆಯ ಸಂಪರ್ಕವನ್ನು ಗುರುತಿಸುವ, ಕರೆಂಟಿಗೆ ಎಂಪ್ಯಾನ್, ಗ್ಯಾಸಿಗೆ ಎಂಪಿಆರ್‌ಎನ್ ಎಂಬ ಸಂಖ್ಯೆಗಳಿರುತ್ತವೆ. ಹೊಸ ಕಂಪನಿಯ ದಾಖಲೆಯಲ್ಲಿರುವ ಸಂಖ್ಯೆ ಅದೇ ಹೌದೇ ನೋಡಿಕೊಳ್ಳಬೇಕು. ಹಲವು ಫ್ಲಾಟುಗಳಿರುವ ಕಟ್ಟಡದಲ್ಲಿ ಪಕ್ಕದ ಮನೆಯ ಮೀಟರ್ ಬದಲಾಗುವುದು ಇಲ್ಲಿ ಎಡವಿದಾಗಲೇ. ದರ ಹೋಲಿಸುವಾಗ ಯೂನಿಟ್ ದರದ ಜೊತೆಗೆ ದಿನಕ್ಕಿಷ್ಟು ಎಂದು ಹಾಕುವ ಸ್ಟ್ಯಾಂಡಿಂಗ್ ಚಾರ್ಜನ್ನೂ ಸೇರಿಸಿಕೊಳ್ಳಬೇಕು. ಕಡಿಮೆ ಬಳಸುವ ಮನೆಗೆ ಅದೇ ಭಾರ. ನಿಗದಿತ ಅವಧಿಯ ಒಪ್ಪಂದವಿದ್ದರೆ ಮಧ್ಯದಲ್ಲಿ ಬಿಡುವುದಕ್ಕೆ ಶುಲ್ಕ ಇರಬಹುದು, ಕೊನೆಯ 49 ದಿನಗಳಲ್ಲಿ ಅದನ್ನು ಹಾಕುವಂತಿಲ್ಲ. 28 ದಿನಕ್ಕಿಂತ ಹಳೆಯ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಬೇಕು. 2022ರ ಜುಲೈಯಿಂದ ಬದಲಾವಣೆ ಐದು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಮನಸ್ಸು ಬದಲಾದರೆ ಹಿಂತೆಗೆಯಲು 14 ದಿನ ಇದೆ. ತಂತಿ, ಮೀಟರ್ ಹಳೆಯವೇ ಇರುವುದರಿಂದ ಕರೆಂಟು ಹೋಗುವುದಿಲ್ಲ. ಬಿಲ್ಲು ಅವರೇ ಕಟ್ಟುತ್ತಿದ್ದರೆ ಬಾಡಿಗೆದಾರರಿಗೂ ಬದಲಾಯಿಸುವ ಹಕ್ಕಿದೆ.

ಬದಲಾಗುವ ದಿನ ಕರೆಂಟು, ಗ್ಯಾಸ್ ಎರಡೂ ಮೀಟರಿನ ಫೋಟೋ ತೆಗೆದಿಡಲಿ. ಸ್ಮಾರ್ಟ್ ಮೀಟರ್ ಇದೆಯಲ್ಲ ಎಂದು ಇದನ್ನು ಬಿಟ್ಟವರಿಗೇ ಅಂದಾಜು ರೀಡಿಂಗಿನ ಕೊನೆಯ ಬಿಲ್ಲು ಬಂದು ಜಗಳ ಶುರುವಾಗುವುದು. ಆ ಬಿಲ್ಲು ಆರು ವಾರದೊಳಗೆ ಬರಬೇಕು, ಅದು ತೀರುವವರೆಗೆ ಹಳೆಯ ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆ) ರದ್ದು ಮಾಡಬಾರದು. ಬಳಕೆ ತೋರಿಸಲು ಅಡುಗೆಮನೆಯಲ್ಲಿಟ್ಟ ಚಿಕ್ಕ ಪರದೆ ಕೆಲವು ದಿನ ಹಳೆಯ ದರವನ್ನೇ ತೋರಿಸುತ್ತಿದ್ದರೆ ಗಾಬರಿ ಬೇಡ. ಬಿಲ್ಲು ಲೆಕ್ಕವಾಗುವುದು ಮೀಟರಿನಿಂದ.

ಪ್ರಶ್ನೆ (ಶಿರಸಿ): ಹಳೆಯ ಚಕ್ರದ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಹಾಕಿದ ಮೇಲೆ ಯೂನಿಟ್ ಎಷ್ಟೋ ಹೆಚ್ಚಾಗಿದೆ. ನಮ್ಮ ಬಳಕೆ ಇದ್ದಷ್ಟೇ ಇದೆ. ಮನೆಗೆ ಒಂದು, ಬಾಡಿಗೆಗೆ ಕೊಟ್ಟ ಭಾಗಕ್ಕೆ ಒಂದು ಮೀಟರ್ ಇದೆ. ಮೀಟರ್ ಜಾಸ್ತಿ ಓಡುತ್ತಿದೆಯೇ?

ನಿಮ್ಮ ಪ್ರಶ್ನೆಯ ಕೊನೆಯ ಸಂಗತಿಯನ್ನೇ ಮೊದಲು ಹಿಡಿಯಬೇಕು: ಎರಡು ಮೀಟರ್. ಮೀಟರ್ ತಪ್ಪು ತೋರಿಸುವುದು ಅಪರೂಪ. ಹೆಚ್ಚಿನ ಕಡೆ ಹಳೆಯ ವೈರಿಂಗಿನ ದೋಷ ಹೊಸ ಮೀಟರಿನಲ್ಲಿ ಕಾಣಿಸಿಕೊಳ್ಳುತ್ತದೆ.

ಹಳೆಯ ಚಕ್ರದ ಮೀಟರ್ ಒಂದೇ ತಂತಿಯ ಕರೆಂಟನ್ನು ಅಳೆಯುತ್ತಿತ್ತು. ಹೊಸ ಸಿಂಗಲ್ ಫೇಸ್ ಮೀಟರ್ ಫೇಸ್ (ಕರೆಂಟು ಬರುವ ತಂತಿ) ಮತ್ತು ನ್ಯೂಟ್ರಲ್ (ವಾಪಸು ಹೋಗುವ ತಂತಿ) ಎರಡನ್ನೂ ಅಳೆದು, ಎರಡರ ನಡುವೆ ವ್ಯತ್ಯಾಸ ಕಂಡರೆ ಹೆಚ್ಚಿರುವುದನ್ನೇ ಲೆಕ್ಕ ಹಿಡಿಯುತ್ತದೆ. ಕಳ್ಳತನ ತಡೆಯಲು ಮಾಡಿದ ವ್ಯವಸ್ಥೆ ಇದು. ಹಳೆಯ ಮನೆಗಳಲ್ಲಿ ಬಾಡಿಗೆ ಭಾಗಕ್ಕೆ ಲೈನ್ ಎಳೆಯುವಾಗ ಫೇಸನ್ನು ಬೇರೆ ಮಾಡಿ, ನ್ಯೂಟ್ರಲ್ ಅನ್ನು ಹತ್ತಿರದ ಬೋರ್ಡಿನಿಂದ ಸೇರಿಸಿ ಬಿಟ್ಟಿರುತ್ತಾರೆ. ಈಗ ಬಾಡಿಗೆಯವರು 1000 ವ್ಯಾಟಿನ ಹೀಟರ್ ಒಂದು ಗಂಟೆ ಹಾಕಿದರು ಎನ್ನಿ. ಕರೆಂಟು ಅವರ ಮೀಟರಿನ ಫೇಸಿನಲ್ಲಿ ಹೋಗಿ ನಿಮ್ಮ ಮೀಟರಿನ ನ್ಯೂಟ್ರಲ್‌ನಲ್ಲಿ ವಾಪಸು ಬರುತ್ತದೆ. ಅವರ ಮೀಟರ್ ಫೇಸ್ ಹೆಚ್ಚು ಎಂದು ಒಂದು ಯೂನಿಟ್ ಬರೆಯುತ್ತದೆ, ನಿಮ್ಮದು ನ್ಯೂಟ್ರಲ್ ಹೆಚ್ಚು ಎಂದು ಅದನ್ನೇ ಇನ್ನೊಂದು ಸಲ ಬರೆಯುತ್ತದೆ. ಎರಡೂ ಮೀಟರ್ ಸರಿ ಇದ್ದೂ ಒಂದು ಯೂನಿಟಿಗೆ ಎರಡು ಬಿಲ್ಲು.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೀಟರಿನ ಮೇಲೆ ಮಿಣುಕುವ ಕೆಂಪು ದೀಪ ಇರುತ್ತದೆ, ಪಕ್ಕದಲ್ಲಿ 3200 ಎಂದೋ 1600 ಎಂದೋ ಬರೆದಿರುತ್ತದೆ. ಒಂದು ಯೂನಿಟಿಗೆ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. ಬಾಡಿಗೆಯವರ ಕಡೆ ಹೀಟರ್, ಪಂಪು ಏನಾದರೂ ಓಡುತ್ತಿರುವಾಗ ನಿಮ್ಮ ಮೇನ್ ಸ್ವಿಚ್ ಆರಿಸಿ. ಮೇನ್ ಒಂದೇ ತಂತಿ ಕಡಿಯುವ ಸಿಂಗಲ್ ಪೋಲ್ ಎಂಸಿಬಿ ಆಗಿದ್ದು, ದೀಪ ಆಗಲೂ ಮಿಣುಕುತ್ತಿದ್ದರೆ ನ್ಯೂಟ್ರಲ್ ಕೂಡಿಕೊಂಡಿದೆ. ಅನೇಕ ಮಾದರಿಗಳಲ್ಲಿ ಪರದೆಯ ಮೇಲೆ ಅರ್ಥಿಂಗ್ ಚಿಹ್ನೆಯೂ ಮೂಡುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಎರಡೂ ಕಡೆ ಡಬಲ್ ಪೋಲ್ ಐಸೊಲೇಟರ್ (ಎರಡೂ ತಂತಿ ಕಡಿಯುವ ಸ್ವಿಚ್) ಆರಿಸಿ, ಎರಡು ಬೋರ್ಡಿನ ನ್ಯೂಟ್ರಲ್ ಪಟ್ಟಿಗಳ ನಡುವೆ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ ನೋಡಲಿ. ಬೀಪ್ ಬಂದರೆ ಎಲ್ಲೋ ಸೇರಿಕೊಂಡಿದೆ. ಇನ್ವರ್ಟರ್ ಲೈನ್, ಮೆಟ್ಟಿಲಿನ ದೀಪ, ಬಾವಿ ಪಂಪು, ಈ ಮೂರರಲ್ಲಿ ಮೊದಲು ಹುಡುಕಲಿ. ಇದೇ ದೋಷದಿಂದ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ ಎಂದು ಅದನ್ನೇ ಕಿತ್ತು ಹಾಕಿದ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವ ಉಳಿಸುವ ಸಾಧನ ಅದು.

ನ್ಯೂಟ್ರಲ್ ಸರಿ ಇದ್ದರೆ ಸೋರಿಕೆ ನೋಡಿ. ಮೇನ್ ಹಾಕಿ, ಫ್ರಿಜ್, ಇನ್ವರ್ಟರ್ ಸೇರಿ ಎಲ್ಲ ಉಪಕರಣಗಳ ಪ್ಲಗ್ ಕಿತ್ತು ದೀಪ ನೋಡಿ. ಮಿಣುಕುತ್ತಿದ್ದರೆ ಒಂದೊಂದೇ ಎಂಸಿಬಿ ಆರಿಸುತ್ತಾ ಬನ್ನಿ. ಯಾವುದನ್ನು ಆರಿಸಿದಾಗ ನಿಲ್ಲುತ್ತದೆಯೋ ಆ ಲೈನಿನಲ್ಲಿ ದೋಷ. ಮಲೆನಾಡಿನ ಮಳೆಗಾಲದಲ್ಲಿ ಪಂಪಿನ ಕೇಬಲ್ ಜಾಯಿಂಟ್, ಕೊಟ್ಟಿಗೆಯ ದೀಪ, ಅಂಗಳದ ಪ್ಲಗ್ ಇವೇ ಒದ್ದೆಯಾಗುವ ಜಾಗಗಳು. ಅರ್ಧ ಆಂಪಿಯರ್ ನೆಲಕ್ಕೆ ಸೋರಿದರೆ 230 ವೋಲ್ಟಿಗೆ 115 ವ್ಯಾಟ್, ತಿಂಗಳಿಗೆ ಸುಮಾರು 83 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿಸಲು ಇಷ್ಟು ಸಾಕು. ಕೊಟ್ಟಿಗೆಯ ದನಕ್ಕೂ ಮನೆಯವರಿಗೂ ಅದರಿಂದ ಅಪಾಯವಿದೆ ಎಂಬುದು ಬಿಲ್ಲಿಗಿಂತ ದೊಡ್ಡ ಮಾತು.

ಎರಡೂ ಇಲ್ಲವಾದರೆ ಮಾತ್ರ ಮೀಟರನ್ನು ಶಂಕಿಸಿ. 2000 ವ್ಯಾಟಿನ ಗೀಸರಿನಲ್ಲಿ ತಣ್ಣೀರಿದ್ದಾಗ ಅದೊಂದನ್ನೇ ಹಾಕಿ ಒಂದು ನಿಮಿಷ ಎಣಿಸಿ. 3200ರ ಮೀಟರ್ ಸುಮಾರು 107 ಸಲ ಮಿಣುಕಬೇಕು. ಆದರೆ ವೋಲ್ಟೇಜ್ ನೋಡಿಕೊಳ್ಳಿ, ಮೀಟರಿನ ಪರದೆಯಲ್ಲೇ ಬರುತ್ತದೆ. 200 ವೋಲ್ಟ್ ಇದ್ದರೆ ಅದೇ ಗೀಸರ್ ಸುಮಾರು 1500 ವ್ಯಾಟ್ ಎಳೆಯುತ್ತದೆ, ಎಣಿಕೆ 80ರ ಆಸುಪಾಸಿಗೆ ಇಳಿಯುತ್ತದೆ. ಇಸ್ತ್ರಿಪೆಟ್ಟಿಗೆ ಈ ಪರೀಕ್ಷೆಗೆ ಬೇಡ, ಮಧ್ಯೆ ಮಧ್ಯೆ ತಾನೇ ಆರುತ್ತದೆ. ಎಣಿಕೆ ತೀರಾ ಹೆಚ್ಚು ಬಂದರೆ ಉಪವಿಭಾಗದ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯಂತೆ, ದೂರು ಬಂದ ಐದು ದಿನದೊಳಗೆ ಇನ್ನೊಂದು ಮೀಟರ್ ಕೂಡ್ರಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ದೂರಿನಲ್ಲಿ ಈ ನಿಯಮವನ್ನು ಹೆಸರಿಸಿಯೇ ಕೇಳಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್.

ಪ್ರಶ್ನೆ (ಕಾರವಾರ): ಬೆಂಗಳೂರಿನಿಂದ ವರ್ಗವಾಗಿ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಬೆಸ್ಕಾಂನಿಂದ ಹೆಸ್ಕಾಂಗೆ ಗೃಹಜ್ಯೋತಿ ತರುವುದು ಹೇಗೆ?

ಮೊದಲು ಬೆಂಗಳೂರಿನ ಮನೆಯ ಕೊನೆಯ ಬಿಲ್ಲು ಕಟ್ಟಿ, ಸೇವಾ ಸಿಂಧುವಿನಲ್ಲಿ ಆ ಖಾತೆಯಿಂದ ನಿಮ್ಮ ಆಧಾರ್ ಬಿಡಿಸಿ. ಡಿ-ಲಿಂಕ್ ಸೌಲಭ್ಯ 2024ರಿಂದ ಇದೆ. ಆಮೇಲೆ ಕಾರವಾರದ ಮನೆಯ ಖಾತೆ ಸಂಖ್ಯೆ ಹಾಕಿ ನೋಂದಾಯಿಸಿ. "ಈಗಾಗಲೇ ನೋಂದಣಿಯಾಗಿದೆ" ಎಂದು ಬಂದರೆ ಹಿಂದಿನ ಬಾಡಿಗೆದಾರರು ಬಿಡಿಸಿಕೊಂಡಿಲ್ಲ, ಮಾಲೀಕರ ಮೂಲಕ ಅವರನ್ನು ಹಿಡಿಯಿರಿ. ಉಚಿತ ಯೂನಿಟ್ ಎಲ್ಲರಿಗೂ 200 ಅಲ್ಲ. ಸಾಮಾನ್ಯವಾಗಿ ಆ ಸಂಪರ್ಕದ 2022-23ರ ಸರಾಸರಿಗೆ ಶೇ 10 ಸೇರಿಸಿ ಬರುವಷ್ಟು, ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ 58. ಬೆಂಗಳೂರಿನಲ್ಲಿ ನಿಮಗೆ 130 ಯೂನಿಟ್ ಸಿಗುತ್ತಿತ್ತು ಎಂದರೆ ಇಲ್ಲೂ ಅಷ್ಟೇ ಸಿಗುತ್ತದೆ ಎಂದಲ್ಲ. ಮೀಟರ್ ಬದಲಾದರೆ ಖಾತೆ ಸಂಖ್ಯೆ ಬದಲಾಗುವುದಿಲ್ಲ, ಯೋಜನೆಯೂ ತಪ್ಪುವುದಿಲ್ಲ. ಹಳೆಯ ಮೀಟರಿನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಮತ್ತು ಎರಡರ ಸೀರಿಯಲ್ ನಂಬರ್ ಫೋಟೋದಲ್ಲಿ ಇರಲಿ.

ಪ್ರಶ್ನೆ (ಅಂಕೋಲಾ): ಮಂಜೂರಾದ ಲೋಡ್ 2 ಕಿಲೋವ್ಯಾಟ್. ಸ್ಮಾರ್ಟ್ ಮೀಟರ್ ಜಾಸ್ತಿ ತೋರಿಸಿದರೆ ದಂಡವೇ?

ಒಂದು ಸಲ ದಾಟಿದ್ದಕ್ಕೆ ಲೋಡ್ ಏರಿಸುವಂತಿಲ್ಲ. 2023ರ ತಿದ್ದುಪಡಿಯಂತೆ ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ದಾಟಿದ್ದರೆ ಮಾತ್ರ ಪರಿಷ್ಕರಿಸಬಹುದು. ಹೊಸ ಮೀಟರ್ ತೋರಿಸಿದ ಲೋಡ್ ಆಧರಿಸಿ ಹಿಂದಿನ ಅವಧಿಗೆ ದಂಡ ಹಾಕಲು ಬರುವುದಿಲ್ಲ. ಗೀಸರ್ ಮತ್ತು ಪಂಪು ಒಟ್ಟಿಗೆ ಓಡದಂತೆ ನೋಡಿಕೊಂಡರೆ ಹೆಚ್ಚಿನ ಮನೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನಿಗದಿತ ಶುಲ್ಕ ಕಿಲೋವ್ಯಾಟಿಗೆ ಇಷ್ಟೆಂದು ಇರುವುದರಿಂದ ಸುಮ್ಮನೆ ಲೋಡ್ ಏರಿಸಿಕೊಳ್ಳಬೇಡಿ.

ಪ್ರಶ್ನೆ (ಬೇಲೇಕೇರಿ): ನಮ್ಮ ಐಸ್ ಫ್ಯಾಕ್ಟರಿಯ ಲೋಡ್ 150 ಕಿಲೋವ್ಯಾಟ್. ನಾವು ಹೊರಗಿನ ಸೌರ ವಿದ್ಯುತ್ ಕೊಳ್ಳಬಹುದೇ?

ಮುಕ್ತ ಪ್ರವೇಶ, ಅಂದರೆ ವಿತರಣಾ ಕಂಪನಿಯ ತಂತಿಯಲ್ಲೇ ಬೇರೆಯವರಿಂದ ಕರೆಂಟು ತರಿಸಿಕೊಳ್ಳುವ ಸೌಲಭ್ಯ, ಇರುವುದು ನಿಮ್ಮಂಥ ದೊಡ್ಡ ಗ್ರಾಹಕರಿಗೇ. 2003ರ ವಿದ್ಯುತ್ ಕಾಯ್ದೆ 1 ಮೆಗಾವ್ಯಾಟ್ ಮೀರಿದವರಿಗೆ ಇದನ್ನು ಕೊಟ್ಟಿತು, ಹಸಿರು ವಿದ್ಯುತ್ತಿಗೆ ಕೇಂದ್ರದ 2022ರ ನಿಯಮಗಳು ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿದವು. ಆ ನಿಯಮಗಳನ್ನು ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಕೆಇಆರ್‌ಸಿಯ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಸದ್ಯದ ನಿಯಮಾವಳಿಯ ಪ್ರತಿ ಮುಂದಿಟ್ಟುಕೊಂಡೇ ಮಾತುಕತೆಗೆ ಕೂಡ್ರಿ. ಮಾರುವವರು ಹೇಳುವ ಯೂನಿಟ್ ದರಕ್ಕೆ ಪ್ರಸರಣ, ವ್ಹೀಲಿಂಗ್ (ವಿತರಣಾ ತಂತಿ ಬಳಸಿದ್ದಕ್ಕೆ ಕೊಡುವುದು), ಕ್ರಾಸ್ ಸಬ್ಸಿಡಿ ಸರ್ಚಾರ್ಜ್, ಹೆಚ್ಚುವರಿ ಸರ್ಚಾರ್ಜ್, ಬ್ಯಾಂಕಿಂಗ್ ಶುಲ್ಕ (ಹೆಚ್ಚಾದ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟು ಆಮೇಲೆ ಪಡೆಯುವುದಕ್ಕೆ), ದಾರಿಯ ನಷ್ಟ ಎಲ್ಲ ಸೇರಿಸಿ ಹೋಲಿಸಿ. ಐಸ್ ಹೆಪ್ಪುಗಟ್ಟಿಸುವ ಕಂಪ್ರೆಸರ್ ರಾತ್ರಿಯೂ ಓಡುತ್ತದೆ, ಸೌರ ವಿದ್ಯುತ್ ಹಗಲಿನದು. ನಿಮ್ಮ ಲೆಕ್ಕ ತಪ್ಪುವುದಾದರೆ ಇಲ್ಲೇ. ಮೀಟರಿನಿಂದ ಒಂದು ವರ್ಷದ ಗಂಟೆವಾರು ದಾಖಲೆ ಕೇಳಿ ಪಡೆದು, ಮೀನುಗಾರಿಕೆ ನಿಷೇಧದ ತಿಂಗಳುಗಳನ್ನು ಬೇರೆಯಾಗಿಟ್ಟು ನೋಡಿ. ಆ ದಿನಗಳಲ್ಲೂ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಒಪ್ಪಂದದಲ್ಲಿದ್ದರೆ ನಮ್ಮ ಅಭಿಪ್ರಾಯದಲ್ಲಿ ಸಹಿ ಹಾಕಬಾರದು.

ಪ್ರಶ್ನೆ (ಹೊನ್ನಾವರ): ಗೇರುಸೊಪ್ಪೆ ಕಡೆಯ ನಮ್ಮ ಊರಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸ್ಮಾರ್ಟ್ ಮೀಟರ್ ರೀಡಿಂಗ್ ಏನಾಗುತ್ತದೆ? ಮಳೆಗಾಲದಲ್ಲಿ ಏನು ಜಾಗ್ರತೆ?

ಸಿಗ್ನಲ್ ಇಲ್ಲದಿದ್ದರೂ ಲೆಕ್ಕ ಮೀಟರಿನೊಳಗೇ ಉಳಿಯುತ್ತದೆ. ಕರೆಂಟು ಹೋದರೂ ಅಳಿಯುವುದಿಲ್ಲ. ಸಂಪರ್ಕ ಸಿಕ್ಕಾಗ ಮೀಟರ್ ಅದನ್ನು ಕಳಿಸುತ್ತದೆ, ಸಿಗದಿದ್ದರೆ ಮೀಟರ್ ಓದುವವರು ಬಂದು ತೆಗೆದುಕೊಳ್ಳಬೇಕು. ತಿಂಗಳ ಬಿಲ್ಲು ಅಂದಾಜಿನದ್ದಾದರೆ ಪರದೆಯ ಫೋಟೋದೊಂದಿಗೆ 1912ಕ್ಕೆ ದೂರು ದಾಖಲಿಸಿ.

ಕರಾವಳಿಯಲ್ಲಿ ಮೀಟರ್ ಕೆಡುವುದು ಹೆಚ್ಚಾಗಿ ಟರ್ಮಿನಲ್ಲಿನಲ್ಲಿ. ಸರ್ವಿಸ್ ತಂತಿ ಅಲ್ಯುಮಿನಿಯಂ, ಮನೆಯೊಳಗಿನದು ತಾಮ್ರ. ಉಪ್ಪುಗಾಳಿಗೆ ಎರಡೂ ನೇರವಾಗಿ ತಾಗಿದರೆ ಜಾಯಿಂಟ್ ತುಕ್ಕು ಹಿಡಿದು, ಬಿಸಿಯಾಗಿ, ಕೊನೆಗೆ ಸುಡುತ್ತದೆ. ಎರಡೂ ಲೋಹಗಳನ್ನು ಜೋಡಿಸಲೆಂದೇ ಮಾಡಿದ ಬೈಮೆಟಲ್ ಲಗ್ ಹಾಕಿಸಿ. ಕಂಬದಿಂದ ಬರುವ ತಂತಿ ಪೆಟ್ಟಿಗೆಗೆ ಮೇಲಿನಿಂದ ನೇರ ಇಳಿಯಬಾರದು. ಪೆಟ್ಟಿಗೆಗಿಂತ ಕೆಳಗೆ ಒಂದು ಬಾಗು ಕೊಟ್ಟು ತಳದಿಂದ ಒಳಗೆ ಹೋಗಬೇಕು, ಆಗ ತಂತಿಯ ಮೇಲೆ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯ ತಳದ ರಂಧ್ರಗಳಿಗೆ ರಬ್ಬರ್ ಗ್ರೋಮೆಟ್ ಇರಲಿ, ಇಲ್ಲವಾದರೆ ಇರುವೆ, ಹಲ್ಲಿ ಸೇರಿಕೊಳ್ಳುತ್ತವೆ. ಟರ್ಮಿನಲ್ ಬಿಸಿಯಾಗಿದೆ, ಸುಟ್ಟ ವಾಸನೆ ಬರುತ್ತಿದೆ ಎನಿಸಿದರೆ ಮೇನ್ ಆರಿಸಿ ಲೈನ್‌ಮನ್‌ಗೆ ಹೇಳಿ. ಮೀಟರಿನ ಸೀಲ್ ಮುಟ್ಟಬೇಡಿ. ಸ್ಕ್ರೂ ಬಿಗಿ ಮಾಡಲೆಂದೇ ಸೀಲ್ ಒಡೆದರೂ ಅದು ಕಳ್ಳತನದ ತನಿಖೆಗೆ ಹೋಗುತ್ತದೆ, ಒಳಬರುವ ಟರ್ಮಿನಲ್ ಬಿಗಿ ಮಾಡುವುದು ಅವರ ಕೆಲಸ.